ಕೊಡುವ ನೀರು, ಮಾರುವ ನೀರು

ನೀರನ್ನು ಮಾರುವುದೆಂದರೆ ನಮ್ಮ ಹಿರಿಯರಿಗೆ ಒಪ್ಪದ ಮಾತು. ಬಿಸಿಲಿನಲ್ಲಿ ಬಳಲಿ ಬಂದವನಿಗೆ ಅರವಟ್ಟಿಗೆಯಿಟ್ಟು ನೀರು ಮಜ್ಜಿಗೆ ಕೊಟ್ಟ ನಾಡು ನಮ್ಮದು. ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಕಂಡರಿಸಿ ಉಳಿಸಿದ ನಾಡು. ಆದುದರಿಂದ ಖಾಸಗಿ ವ್ಯಕ್ತಿಯೊಬ್ಬನು ಹಳ್ಳಿಗೆ ಕೊಳಾಯಿ ಹಾಕಿಸಿ, ಮನೆಮನೆಗೂ ಮೀಟರನ್ನಿಟ್ಟು, ತಿಂಗಳಿಗೊಮ್ಮೆ ಹಣ ವಸೂಲು ಮಾಡುತ್ತಾನೆಂದರೆ ಮನಸ್ಸು ಹಿಂಜರಿಯುತ್ತದೆ. ಈ ಹಿಂಜರಿಕೆ ಗೌರವಕ್ಕೆ ಯೋಗ್ಯವಾದುದೇ. ಆದರೆ ಕಾಂಬೋಡಿಯದ ಹಳ್ಳಿಗಳ ಅನುಭವವನ್ನು ಓದಿದ ಮೇಲೆ, ಪ್ರಶ್ನೆಯನ್ನೇ ಬೇರೊಂದು ಬಗೆಯಲ್ಲಿ ಕೇಳಬೇಕೆಂದು ನನಗೆ ತೋರಿತು.

ಕಾಂಬೋಡಿಯ ನೀರಿಲ್ಲದ ದೇಶವಲ್ಲ. ಮಳೆಗಾಲದಲ್ಲಿ ಮೆಕಾಂಗ್ ಮಹಾನದಿ ಉಕ್ಕಿದಾಗ ಅದರ ಒತ್ತಡಕ್ಕೆ ತೊನ್ಲೆ ಸಾಪ್ ನದಿ ಹಿಮ್ಮುಖವಾಗಿ ಹರಿದು ಅದೇ ಹೆಸರಿನ ಸರೋವರವನ್ನು ತುಂಬುತ್ತದೆ. ಅಂಕೋರದ ಅರಸರು ಹನ್ನೊಂದನೆಯ ಶತಮಾನದಲ್ಲಿ ಸುಮಾರು ೮ ಕಿಲೋಮೀಟರ್ ಉದ್ದದ ಜಲಾಶಯವನ್ನು ಕಟ್ಟಿಸಿದ್ದರು. ಆದರೂ ಕುಡಿಯುವ ನೀರಿಗೆ ಅಲ್ಲಿ ಬಡತನ. ೧೯೭೫ರಿಂದ ೧೯೭೯ರವರೆಗಿನ ಖ್ಮೇರ್ ರೂಜ್ ಆಳ್ವಿಕೆ ನಗರಗಳನ್ನು ಬರಿದುಮಾಡಿತು, ವಿದ್ಯಾವಂತರನ್ನು ಕೊಂದಿತು, ಸಾರ್ವಜನಿಕ ವ್ಯವಸ್ಥೆಗಳನ್ನೆಲ್ಲ ಹಾಳುಗೆಡವಿತು. ಹಳ್ಳಿಗರು ಮನೆಯ ಮಗ್ಗುಲಲ್ಲಿ ದೊಡ್ಡ ಗುಡಾಣಗಳನ್ನಿಟ್ಟು ಮಳೆನೀರು ಹಿಡಿಯುವರು. ಅದು ಮುಗಿದರೆ ಕೊಳದಿಂದ ಹೊತ್ತು ತರುವರು, ಇಲ್ಲವೆ ಗಾಡಿಯವನಿಂದ ಕೊಳ್ಳುವರು. ಕಾಂಡಾಲ್ ಮೊದಲಾದ ನದೀತೀರದ ಪ್ರಾಂತಗಳ ಕೊಳವೆಬಾವಿಗಳಲ್ಲಂತೂ ಆರ್ಸೆನಿಕ್ ವಿಷ ಬೆರೆತಿರುವುದುಂಟು.

ಸರಕಾರದ ಕೈ ಹಳ್ಳಿಯವರೆಗೆ ಚಾಚಲಾರದೆ ಇದ್ದ ೧೯೯೦ರ ದಶಕದಲ್ಲಿ ಅಲ್ಲಲ್ಲಿ ಸಣ್ಣ ಬಂಡವಾಳಗಾರರು ಈ ಕೆಲಸಕ್ಕೆ ಇಳಿದರು. ನದಿಯಿಂದಲೋ ಕೆರೆಯಿಂದಲೋ ನೀರೆತ್ತಿ, ಪಟಿಕದಂಥ ದ್ರವ್ಯದಿಂದ ಕೆಸರು ತಂಗಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರೆಸಿ, ಎತ್ತರದ ತೊಟ್ಟಿಗೇರಿಸಿ ಕೊಳವೆಗಳಲ್ಲಿ ಹಾಯಿಸುವುದು ಅವರ ಕ್ರಮ. ಇಂಥ ನೂರಾರು ಮಂದಿ ಇಂದು ಸರಕಾರದ ಪರವಾನಗಿ ಪಡೆದು ದುಡಿಯುತ್ತಿದ್ದಾರೆ. ಸಾವಿರ ಲೀಟರಿಗೆ ಇವರು ಪಡೆಯುವ ಹಣ ಹೆಚ್ಚುಕಡಿಮೆ ೨,೦೦೦ ರಿಯೆಲ್, ಎಂದರೆ ಅರ್ಧ ಡಾಲರಿನ ಆಸುಪಾಸು. ಗಾಡಿಯ ನೀರಿಗೆ ತೆರಬೇಕಾದುದು ಇದರ ಹಲವು ಪಟ್ಟು. ಅದೂ ಸೋಸದ ನೀರಿಗೆ. ಬಡವನು ಮೊದಲೇ ನೀರನ್ನು ಕೊಳ್ಳುತ್ತಿದ್ದನೆಂಬುದನ್ನು ನಾವು ಮರೆಯಬಾರದು.

ಹಾಗೆಂದು ವ್ಯಾಪಾರಿಯನ್ನು ಭಗೀರಥನೆಂದು ಹೊಗಳಬೇಕಾದುದಿಲ್ಲ. ಲಾಭವಿಲ್ಲದ ಕಡೆಗೆ ಅವನ ಕೊಳವೆ ತಿರುಗದು. ರಸ್ತೆಯ ಇಕ್ಕೆಲದ ಮನೆಗಳಿಗೆ ನೀರು ಬಂದರೆ, ಗದ್ದೆಯಾಚೆಯ ಒಂಟಿ ಮನೆಗೆ ಬಾರದು. ತಿಂಗಳ ಹಣವನ್ನು ಹೇಗೋ ಕೊಡಬಲ್ಲ ಕೂಲಿಯವನಿಗೆ ಕೊಳಾಯಿ ಹಾಕಿಸುವ ಮೊದಲ ವೆಚ್ಚವೇ ಬೆಟ್ಟ. ವ್ಯಾಪಾರಿಯ ಕಷ್ಟವೂ ಉಂಟು: ಮಳೆ ಬಂದೊಡನೆ ಜನ ಗುಡಾಣದ ನೀರಿಗೆ ಮರಳುತ್ತಾರೆ, ವರಮಾನ ಕುಸಿಯುತ್ತದೆ, ಪರವಾನಗಿಯ ಅವಧಿ ಮೊಟಕಾಗಿದ್ದರೆ ಬ್ಯಾಂಕು ಸಾಲ ಕೊಡಲು ಅಂಜುತ್ತದೆ. ಇದಕ್ಕೆ ಅಲ್ಲಿ ಕಂಡುಕೊಂಡ ಉಪಾಯಗಳಲ್ಲಿ ಒಂದು ಗಮನಾರ್ಹ. ಬಡಕುಟುಂಬಗಳು ಯಾವುವೆಂಬುದನ್ನು ಸರಕಾರದ ಯೋಜನೆಯೊಂದರಡಿ ಹಳ್ಳಿಯವರೇ ಗುರುತಿಸುತ್ತಾರೆ. ಕೆಲವು ನೆರವಿನ ಯೋಜನೆಗಳಲ್ಲಿ, ಅಂಥ ಮನೆಯಲ್ಲಿ ನೀರು ಬಂದುದನ್ನು ಪರೀಕ್ಷಿಸಿದ ಬಳಿಕವೇ ವ್ಯಾಪಾರಿಗೆ ಸಹಾಯಧನ ಸಲ್ಲುತ್ತದೆ. ಮಾತಿಗಲ್ಲ, ಹರಿದ ನೀರಿಗೆ ಹಣ.

ಖಾಸಗಿಯವರಿಂದಲೇ ಇದು ಸಾಧ್ಯವೆಂದು ವಾದಿಸುವವರು ಅದೇ ದೇಶದ ರಾಜಧಾನಿಯನ್ನು ನೋಡಬೇಕು. ನೋಮ್ ಪೆನ್ ನಗರದ ಸರಕಾರಿ ಜಲಸಂಸ್ಥೆಯ ಹೊಣೆಯನ್ನು ೧೯೯೩ರಲ್ಲಿ ಏಕ್ ಸೊನ್ ಚಾನ್ ವಹಿಸಿಕೊಂಡಾಗ, ನೀರಿನಲ್ಲಿ ಶೇಕಡ ೭೦ಕ್ಕೂ ಹೆಚ್ಚು ಪಾಲು ಸೋರಿಕೆಗೂ ಕಳವಿಗೂ ಹೋಗುತ್ತಿತ್ತು. ಮುಂದೆ ಅದು ಶೇಕಡ ೧೦ಕ್ಕಿಂತ ಕೆಳಗಿಳಿಯಿತು. ೨೦೦೬ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಒಡೆತನ ಯಾರದೆಂಬುದಕ್ಕಿಂತ, ಲೆಕ್ಕ ಒಪ್ಪಿಸಬೇಕಾದವರು ಯಾರು, ಯಾರಿಗೆ ಒಪ್ಪಿಸಬೇಕು ಎಂಬುದೇ ಮುಖ್ಯವೆಂದಾಯಿತು.

ನಮ್ಮ ಶಾಸನಗಳನ್ನು ಪಾಠ ಹೇಳುವಾಗ ಈ ವಿಚಾರ ನನಗೆ ಮತ್ತೆ ಮತ್ತೆ ನೆನಪಾಗುತ್ತದೆ. ಕೆರೆಯನ್ನು ಕಟ್ಟಿಸಿದವನಿಗೋ ಜೀರ್ಣೋದ್ಧಾರ ಮಾಡಿದವನಿಗೋ ಕಟ್ಟುಗೊಡಗೆಯೆಂದು ಭೂಮಿ ಬಿಡುತ್ತಿದ್ದರು; ಬಿತ್ತುವಟ್ಟವೆಂಬ ದತ್ತಿಯೂ ಕೆರೆಗೆ ಸಂಬಂಧಿಸಿದುದೇ. ತೂಬು ತೆರೆದು ಸರದಿಯಂತೆ ನೀರು ಹಾಯಿಸುವ ನೀರುಗಂಟಿಗೆ ಸುಗ್ಗಿಯಲ್ಲಿ ರೈತರು ಧಾನ್ಯ ಅಳೆಯುತ್ತಿದ್ದರು. ಎಂದರೆ, ನೀರನ್ನು ಕಾಯುವ ದುಡಿಮೆ ಅಂದೂ ಬಿಟ್ಟಿಯಾಗಿರಲಿಲ್ಲ. ಅರವಟ್ಟಿಗೆಯ ಧರ್ಮವೂ ನೀರುಗಂಟಿಯ ಕೂಲಿಯೂ ಒಂದೇ ಊರಿನಲ್ಲಿ ಜೊತೆಯಾಗಿ ಬಾಳಿದ್ದವು.

೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆ ಭಾರತದ ಪ್ರತಿ ಗ್ರಾಮೀಣ ಮನೆಗೂ ನಲ್ಲಿ ಹಾಕಿಸಿ, ತಲೆಗೆ ದಿನಕ್ಕೆ ೫೫ ಲೀಟರ್ ನೀರು ಕೊಡುವ ಗುರಿ ಇಟ್ಟುಕೊಂಡಿದೆ. ನಲ್ಲಿ ನೆಟ್ಟಮೇಲೆ ಪಂಪು ಕೆಟ್ಟರೆ ಸರಿಪಡಿಸುವವರು ಯಾರು, ಅವರಿಗೆ ಕೂಲಿ ಕೊಡುವವರು ಯಾರು, ಕೊಡಲಾರದವನ ಪಾಲನ್ನು ಹೊರುವವರು ಯಾರು ಎಂಬ ಪ್ರಶ್ನೆಗಳು ಇಲ್ಲಿಯೂ ಇವೆ. ಪಂಚಾಯಿತಿಯೇ ನಡೆಸಲಿ, ಸಣ್ಣ ಗುತ್ತಿಗೆದಾರನೇ ನಡೆಸಲಿ, ದುಡಿಮೆಗೆ ಬೆಲೆ ಸಲ್ಲಲಿ. ಆದರೆ ೨೦೧೦ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನೀರನ್ನು ಮಾನವನ ಹಕ್ಕೆಂದು ಸಾರಿದೆ. ಆ ಹಕ್ಕನ್ನು ಕಾಯುವ ಹೊಣೆ ಸರಕಾರದ್ದು. ಪರವಾನಗಿ ಪತ್ರದೊಡನೆ ಅದನ್ನು ಬೇರೆಯವರ ಕೈಗೆ ಕೊಟ್ಟು ಕೈತೊಳೆದುಕೊಳ್ಳಲಾಗದು. ಗದ್ದೆಯಾಚೆಯ ಒಂಟಿ ಮನೆಯೂ ಆ ಲೆಕ್ಕದಲ್ಲಿ ಸೇರಬೇಕು.