ಎಲೆ ಕೂಡದಿದ್ದಾಗ ಎರಡನೆಯ ಪಣ

ಹೂಡಿದ ಮೊದಲ ಕಂತು ಫಲ ಕೊಡದಿದ್ದಾಗ ಎರಡನೆಯದನ್ನು ಹಾಕಬೇಕೆ ಎಂಬ ಪ್ರಶ್ನೆ ವರ್ತಕರಿಗೆ ಹೊಸದಲ್ಲ. ಈ ಪ್ರಶ್ನೆಯನ್ನು ಅಂಕಿಗಳಲ್ಲಿ ಅಳೆದಿರುವವರು ಅಮೆರಿಕದ ಪೋಕರ್ ಆಟಗಾರರು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ 2025ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಆದರೂ ಅವರ ಲೆಕ್ಕಾಚಾರವನ್ನು ತಿಳಿಯಲು ಅಡ್ಡಿಯಿಲ್ಲ.

ಟೆಕ್ಸಾಸ್ ಹೋಲ್ಡೆಮ್ ಪೋಕರಿನಲ್ಲಿ ಪ್ರತಿ ಆಟಗಾರನಿಗೂ ಮುಚ್ಚಿದ ಎರಡು ಎಲೆಗಳು ಸಿಗುತ್ತವೆ. ಮೊದಲ ಸುತ್ತಿನ ಪಣ ಮುಗಿದ ಮೇಲೆ ಎಲ್ಲರಿಗೂ ಸಲ್ಲುವ ಮೂರು ಎಲೆಗಳನ್ನು ಮೇಜಿನ ಮೇಲೆ ತೆರೆಯಲಾಗುತ್ತದೆ. ಇದೇ ಫ್ಲಾಪ್. ಎಕ್ಕ ಮತ್ತು ರಾಜನನ್ನು ಹಿಡಿದು ಪಣ ಏರಿಸಿದವನ ಮುಂದೆ ಒಂಬತ್ತು, ಆರು, ಎರಡು ಬಿದ್ದರೆ ಅವನಿಗೆ ಏನೂ ಕೂಡಲಿಲ್ಲವೆಂದೇ ಅರ್ಥ. ಇದು ಅಪರೂಪವೂ ಅಲ್ಲ. ಜೋಡಿಯಲ್ಲದ ಎರಡು ಎಲೆಗಳಿಗೆ ಫ್ಲಾಪಿನಲ್ಲಿ ಜೋಡಿ ದೊರೆಯುವುದು ಸುಮಾರು ಮೂರು ಸಲಕ್ಕೆ ಒಮ್ಮೆ ಮಾತ್ರ.

ಆದರೆ ಎದುರಾಳಿಯ ಸ್ಥಿತಿಯೂ ಬಹುಮಟ್ಟಿಗೆ ಅದೇ. ಮೊದಲು ಪಣ ಏರಿಸಿದವನು ಎಲೆ ಕೂಡದಿದ್ದರೂ ಮತ್ತೆ ಹಾಕುವ ಪಣಕ್ಕೆ ‘ಕಂಟಿನ್ಯುಯೇಷನ್ ಬೆಟ್’ ಎಂಬ ಹೆಸರಿದೆ. 1995ರ ವಿಶ್ವ ಪೋಕರ್ ಸರಣಿಯ ಮುಖ್ಯ ಸ್ಪರ್ಧೆಯನ್ನು ಗೆದ್ದ ಡಾನ್ ಹ್ಯಾರಿಂಗ್ಟನ್, 2004ರಿಂದ ಹೊರಬಂದ ತಮ್ಮ ಗ್ರಂಥಗಳ ಮೂಲಕ ಇದನ್ನು ಜನಪ್ರಿಯಗೊಳಿಸಿದರು. ರಾಶಿಯಲ್ಲಿ 1,000 ಡಾಲರ್ ಇರುವಾಗ 500 ಹಾಕಿದರೆ, ಎದುರಾಳಿ ಮೂರರಲ್ಲಿ ಒಮ್ಮೆ ಕೈಬಿಟ್ಟರೂ ಅಸಲು ಉಳಿಯುತ್ತದೆ: ಒಮ್ಮೆ 1,000 ಬರುತ್ತದೆ, ಎರಡು ಸಲ 500 ಹೋಗುತ್ತದೆ. ಪೂರ್ತಿ 1,000 ಹಾಕಿದರೆ ಎರಡರಲ್ಲಿ ಒಮ್ಮೆ ಫಲಿಸಬೇಕು. ಅದೇ ಮಾತನ್ನು ಅಗ್ಗದ ಬೆಲೆಗೆ ಹೇಳಲು ಸಾಧ್ಯವಿರುವಾಗ ದುಬಾರಿ ಬೆಲೆ ತೆರುವುದು ಜಾಣತನವಲ್ಲ.

ಎದುರಾಳಿಗಳು ಹೆಚ್ಚಿದಂತೆ ಲೆಕ್ಕ ಕೆಡುತ್ತದೆ. ಒಬ್ಬೊಬ್ಬರೂ ಮೂರರಲ್ಲಿ ಎರಡು ಸಲ ಬಿಟ್ಟುಕೊಡುವರೆಂದು ಉದಾರವಾಗಿ ಎಣಿಸಿದರೂ ಇಬ್ಬರೂ ಬಿಡುವುದು ನೂರಕ್ಕೆ 44 ಸಲ, ಮೂವರೂ ಬಿಡುವುದು 30 ಸಲ. ಫ್ಲಾಪಿನ ಸ್ವರೂಪವೂ ಮುಖ್ಯ. ಬೇರೆಬೇರೆ ಬಣ್ಣದ ರಾಜ, ಏಳು, ಎರಡು ಬಿದ್ದಾಗ ಪಣ ಏರಿಸಿದವನ ಬಳಿ ರಾಜನಿರಬಹುದೆಂದು ಇತರರು ನಂಬುತ್ತಾರೆ. ಒಂಬತ್ತು, ಎಂಟು, ಏಳು ಬಿದ್ದಾಗ ಬೇರೆಯವರಿಗೇ ಏನಾದರೂ ಕೂಡಿರುವ ಸಂಭವ ಹೆಚ್ಚು.

ನಿಜವಾದ ನಷ್ಟ ಆರಂಭವಾಗುವುದು ಎದುರಾಳಿ ಆ 500ಕ್ಕೆ ಸಮನಾಗಿ ಹಣ ಹಾಕಿ ಉಳಿದ ಮೇಲೆ. ರಾಶಿ ಈಗ 2,000. ಅರ್ಧ ಪಣವೆಂದರೆ 1,000. ಮೂರರಲ್ಲಿ ಎರಡು ಸಲ ಬರಿಗೈಯಾಗಿರುತ್ತಿದ್ದ ಎದುರಾಳಿ ಈಗ ಅವನಲ್ಲ; ಬರಿಗೈಯವರು ಬಹುಮಟ್ಟಿಗೆ ಎದ್ದುಹೋಗಿದ್ದಾರೆ. ಹಳೆಯ ಲೆಕ್ಕ ಇಲ್ಲಿಗೆ ಸಲ್ಲದು. ಆದರೂ ‘ಇಷ್ಟು ಹಾಕಿಯಾಗಿದೆ’ ಎಂಬ ಒಂದೇ ಕಾರಣಕ್ಕೆ ಮತ್ತೆ ಕೈ ಮುಂದಾಗುತ್ತದೆ. ರಾಶಿಗೆ ಸೇರಿದ ಹಣ ಯಾರದೂ ಅಲ್ಲ. ಅದನ್ನು ಗೆಲ್ಲಬಹುದಾದ ಮೊತ್ತವೆಂದು ಎಣಿಸಬೇಕೇ ಹೊರತು ಕಳೆದುಕೊಂಡ ಸ್ವತ್ತೆಂದಲ್ಲ. ಬಿಕರಿಯಾಗದ ಸರಕಿಗೆ ಇನ್ನೊಂದು ತಿಂಗಳ ಗೋದಾಮು ಬಾಡಿಗೆ ಕಟ್ಟುವಾಗ ವರ್ತಕನೂ ನೋಡಬೇಕಾದದ್ದು ಮುಂದಿನ ಬೆಲೆಯನ್ನು, ಕೊಂಡ ಬೆಲೆಯನ್ನಲ್ಲ.

ಪಣ ಹಾಕದಿರುವುದೂ ಸೋಲೊಪ್ಪಿಕೊಂಡಂತಲ್ಲ. ಎದುರಾಳಿ ಸುಮ್ಮನಿದ್ದು ಸರದಿ ಕೊನೆಗೆ ತನಗೆ ಬಂದಾಗ, ಎಕ್ಕ-ರಾಜ ಹಿಡಿದವನು ಕಾಸು ಖರ್ಚಿಲ್ಲದೆ ಮುಂದಿನ ಎಲೆ ನೋಡಬಹುದು. ಕಾಣದ 47 ಎಲೆಗಳಲ್ಲಿ ಅವನಿಗೆ ಜೋಡಿ ಕೊಡುವವು ಆರು, ಅಂದರೆ ಶೇಕಡಾ 13ರಷ್ಟು.