ನಿಮಗಿದು ಗೊತ್ತೇ? ಟೀವಿ ನೌಕೆಗೂ ದುರ್ಗದ ಬಯಲಿಗೂ ಇರುವ ನಂಟು

ಚಿತ್ರದುರ್ಗ ಜಿಲ್ಲೆಯಲ್ಲಿ ಮೂರು ಬಾರಿ ಆಕಾಶದಿಂದ ರೆಕ್ಕೆಯ ನೌಕೆಯೊಂದು ತಾನಾಗಿಯೇ ಬಂದು ಇಳಿದಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಅದೇ ವರ್ಷದ ಜೂನ್ 23ರಂದು. ಇಳಿದ ಜಾಗ ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದ ರನ್‌ವೇ. ಒಳಗೆ ಚಾಲಕರಿರಲಿಲ್ಲ, ಎಂಜಿನ್ನೂ ಇರಲಿಲ್ಲ. ಇಸ್ರೋ ಅದನ್ನು ‘ಪುಷ್ಪಕ್’ ಎಂದು ಕರೆಯುತ್ತದೆ.

ಈ ಪುಷ್ಪಕ್ ಒಂದು ಮಾದರಿ! ಮುಂದೆ ಭೂಮಿಯ ಕಕ್ಷೆಗೆ ಹೋಗಿ ಮರಳಬೇಕಾದ ನೌಕೆ ಇದಕ್ಕಿಂತ ಸುಮಾರು 1.6 ಪಟ್ಟು ದೊಡ್ಡದಾಗಿರುತ್ತದೆ. ಮಕ್ಕಳು ಮೇಜಿನ ಮೇಲೆ ಅಂಟು ಹಚ್ಚಿ ಜೋಡಿಸುವ ನೌಕೆಗೂ ಇದಕ್ಕೂ ಗಾತ್ರದಲ್ಲಿ ಅಂತರವಿರಬಹುದು, ಆದರೆ ಕುಲ ಒಂದೇ. ಆ ಕುಲದ ಕಥೆ ಶುರುವಾಗುವುದು ಒಂದು ಹಳೆಯ ಟೀವಿ ಧಾರಾವಾಹಿಯಿಂದ.

1966ರ ಸೆಪ್ಟೆಂಬರ್ 8ರಂದು ಅಮೆರಿಕದಲ್ಲಿ ‘ಸ್ಟಾರ್ ಟ್ರೆಕ್’ ಆರಂಭವಾಯಿತು. ನಡೆದದ್ದು 79 ಕಂತು, ಮೂರೇ ವರ್ಷ. ನಮ್ಮ ದೂರದರ್ಶನದಲ್ಲೂ 1980ರ ದಶಕದಲ್ಲಿ ಅದು ಬಂದಿತ್ತು. ಅದರಲ್ಲಿ ನಕ್ಷತ್ರಗಳ ನಡುವೆ ಹಾರುವ ‘ಎಂಟರ್‌ಪ್ರೈಸ್’ ನೌಕೆಯನ್ನು ಕಲ್ಪಿಸಿಕೊಟ್ಟವರು ಮ್ಯಾಟ್ ಜೆಫರೀಸ್.

ಪರದೆಯ ಮೇಲೆ ಮಹಾನೌಕೆಯಂತೆ ಕಂಡದ್ದು ನಿಜದಲ್ಲಿ ಸುಮಾರು 11 ಅಡಿ ಉದ್ದದ ಮಾದರಿ. ಮರ, ತಗಡು, ಪ್ಲಾಸ್ಟಿಕ್ ಸೇರಿಸಿ 1964ರಲ್ಲಿ ಅದನ್ನು ಕಟ್ಟಿದರು. ಅದಕ್ಕೂ ಮೊದಲು ರಿಚರ್ಡ್ ಡೇಟಿನ್ ಎಂಬ ಮಾದರಿಗಾರರು ಮೂರಡಿಗೂ ಕಡಿಮೆ ಉದ್ದದ ಇನ್ನೊಂದನ್ನು ಮಾಡಿದ್ದರು. ಆ ಚಿಕ್ಕ ನೌಕೆ 1970ರ ದಶಕದ ಕೊನೆಯಲ್ಲಿ ಕಾಣೆಯಾಗಿ, ನಾಲ್ಕು ದಶಕ ದಾಟಿದ ಮೇಲೆ ಸಿಕ್ಕಿತು. 2024ರಲ್ಲಿ ಧಾರಾವಾಹಿಯ ಸೃಷ್ಟಿಕರ್ತ ಜೀನ್ ರಾಡನ್‌ಬೆರಿ ಅವರ ಮಗನ ಕೈ ಸೇರಿತು.

11 ಅಡಿಯ ಮಾದರಿಗೆ ಪೂರ್ತಿ ಕೆಲಸ ಮಾಡಿದ್ದು ಬಲಗಡೆ ಮಾತ್ರ ಎಂದರೆ ನಂಬುತ್ತೀರಾ? ಎಡಗಡೆಯಿಂದ ವಿದ್ಯುತ್ ತಂತಿಗಳು ಹೊರಬರುತ್ತಿದ್ದವು, ಹಾಗಾಗಿ ಆ ಬದಿಯನ್ನು ಕ್ಯಾಮೆರಾಕ್ಕೆ ತೋರಿಸುತ್ತಿರಲಿಲ್ಲ. ನೌಕೆ ಎದುರು ದಿಕ್ಕಿಗೆ ಹೋಗಬೇಕಾದಾಗ ಅಕ್ಷರ, ಅಂಕಿಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಅಂಟಿಸಿ ಚಿತ್ರೀಕರಿಸಿ, ಆಮೇಲೆ ಫಿಲ್ಮನ್ನೇ ಮಗುಚಿ ಹಾಕಿದ್ದೂ ಉಂಟು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಿಂದ ನಾಡೆಲ್ಲ ಸುತ್ತುತ್ತಿರುವ ‘ಶಿವಸಂಚಾರ’ದಂಥ ರಂಗತಂಡಗಳಲ್ಲಿ ರಂಗಸಜ್ಜಿಕೆ ಮಾಡುವವರಿಗೆ ಈ ಲೆಕ್ಕಾಚಾರ ಹೊಸದಾಗಿ ಕಾಣಲಾರದು. ಪ್ರೇಕ್ಷಕರು ಕೂತ ಕಡೆಗೆ ಬಣ್ಣ ಸಾಕು.

ನೌಕೆಯ ಎರಡು ಉದ್ದ ಕೊಳವೆಗಳ ತುದಿಯಲ್ಲಿ ಕೆಂಪಗೆ ಸುತ್ತುವ ಬೆಳಕು ಹೇಗೆ ಬಂತು ಗೊತ್ತೇ? ಕ್ರಿಸ್‌ಮಸ್ ಅಲಂಕಾರದ ಪುಟ್ಟ ಬಲ್ಬುಗಳು, ಒಡೆದ ಕನ್ನಡಿ ಚೂರುಗಳು, ಒಂದು ಸಣ್ಣ ಮೋಟರು. ನಮ್ಮಲ್ಲಿ ಗಣಪತಿ ಪೆಂಡಾಲಿಗೆ ಕಟ್ಟುವ ಸೀರಿಯಲ್ ಸೆಟ್ಟಿನ ಸಂಬಂಧಿಗಳೇ ಇವು. ಮೊದಲ ಪ್ರಾಯೋಗಿಕ ಕಂತಿನಲ್ಲಿ ಆ ತುದಿಗಳು ಕೆಂಪು ಬಣ್ಣ ಬಳಿದ ಗಟ್ಟಿ ಮರದವು, ಬೆಳಕೇ ಇರಲಿಲ್ಲ.

ಕಥೆಯ ಪ್ರಕಾರ ಎಂಟರ್‌ಪ್ರೈಸ್ 289 ಮೀಟರ್ ಉದ್ದ. ಹಿರಿಯೂರಿನ ಬಳಿಯ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರದ ಅಣೆಕಟ್ಟು ಸುಮಾರು 405 ಮೀಟರ್ ಉದ್ದ. 1:350 ಅಳತೆಯಲ್ಲಿ ನೌಕೆ 83 ಸೆಂಟಿಮೀಟರಿಗೂ ಅಣೆಕಟ್ಟು 116 ಸೆಂಟಿಮೀಟರಿಗೂ ಇಳಿಯುತ್ತದೆ. ಎರಡನ್ನೂ ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಡಬಹುದು. ಅಳತೆಯ ಅನುಪಾತವನ್ನು ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಈ ನೌಕೆಯ ಪ್ಲಾಸ್ಟಿಕ್ ಕಿಟ್ ಮೊದಲು ತಂದದ್ದು ಎಎಂಟಿ ಎಂಬ ಅಮೆರಿಕದ ಕಂಪನಿ. ಕಿಟ್ ಮಾರುವ ಹಕ್ಕಿಗೆ ಬದಲಾಗಿ ಆ ಕಂಪನಿಯೇ ಧಾರಾವಾಹಿಗೆ ‘ಗೆಲಿಲಿಯೋ’ ಎಂಬ ಚಿಕ್ಕ ನೌಕೆಯನ್ನು ನಟರು ಒಳಹೊಕ್ಕು ಓಡಾಡುವಷ್ಟು ದೊಡ್ಡದಾಗಿ ಕಟ್ಟಿಸಿಕೊಟ್ಟಿತು!

1967ರ ‘ದಿ ಡೂಮ್ಸ್‌ಡೇ ಮೆಷಿನ್’ ಕಂತಿನಲ್ಲಿ ಜಜ್ಜಿಹೋದ ಇನ್ನೊಂದು ನೌಕೆ ಬೇಕಾಗಿತ್ತು. ತಂತ್ರಜ್ಞರು ಮಾಡಿದ್ದೇನು? ಅದೇ ಕಿಟ್ಟನ್ನು ಜೋಡಿಸಿ, ಸುಟ್ಟು ಗಾಯಗೊಳಿಸಿ, ಎಂಟರ್‌ಪ್ರೈಸ್‌ನ ಸಂಖ್ಯೆಯಾದ 1701ರ ಅಂಕಿಗಳನ್ನು ಹಿಂದೆಮುಂದೆ ಮಾಡಿ 1017 ಎಂದು ಅಂಟಿಸಿದರು. ಹೊಸ ನೌಕೆ ಸಿದ್ಧ.

ಬ್ರಿಟನ್ನಿನ ‘ಥಂಡರ್‌ಬರ್ಡ್ಸ್’ (1965) ಈ ಕೈಚಳಕದಲ್ಲಿ ಇನ್ನೂ ಮುಂದೆ ಹೋಯಿತು. ಡೆರೆಕ್ ಮೆಡಿಂಗ್ಸ್ ಅವರ ತಂಡ ಬೇರೆ ಬೇರೆ ಕಿಟ್‌ಗಳ ಬಿಡಿಭಾಗಗಳನ್ನು ಕಿತ್ತು ನೌಕೆಗಳ ಮೈಗೆ ಮೆತ್ತುತ್ತಿತ್ತು. ಅಲ್ಲಿನ ಒಂದು ಉಡಾವಣಾ ಕೊಠಡಿಯ ಗೋಡೆಯ ಮೇಲೆ ಯಂತ್ರಭಾಗದಂತೆ ಕಾಣುವುದು ಪ್ಲಾಸ್ಟಿಕ್ಕಿನ ನಿಂಬೆಹಣ್ಣು ಹಿಂಡುವ ಸಾಧನ!

ಮಾದರಿಯನ್ನು ಭಾರೀ ವಸ್ತುವಿನಂತೆ ತೋರಿಸುವ ಗುಟ್ಟು ಬಣ್ಣದಲ್ಲಷ್ಟೇ ಇಲ್ಲ, ಸಮಯದಲ್ಲೂ ಇದೆ. ಬೀಳುವ ವಸ್ತುವಿಗೆ ಹಿಡಿಯುವ ಕಾಲ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. 16 ಪಟ್ಟು ಚಿಕ್ಕ ಮಾದರಿ 4 ಪಟ್ಟು ಬೇಗ ಬೀಳುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳ ಬದಲು 96 ತೆಗೆದು, ಮಾಮೂಲಿ ವೇಗದಲ್ಲಿ ತೋರಿಸಿದರೆ ಆ ಪುಟಾಣಿ ಗಂಭೀರವಾಗಿ, ತೂಕವಾಗಿ ಚಲಿಸುತ್ತದೆ. ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು.

1974ರಲ್ಲಿ 11 ಅಡಿಯ ಎಂಟರ್‌ಪ್ರೈಸ್ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗೆ ಸೇರಿತು. 1991ರಲ್ಲಿ ದುರಸ್ತಿ ಮಾಡುವಾಗ ಅದರ ಮೈಮೇಲಿನ ತಗಡು ಜೋಡಣೆಯ ಗೆರೆಗಳನ್ನು ಅತಿಯಾಗಿ ಎಬ್ಬಿಸಿಬಿಟ್ಟರು ಎಂದು ಅಭಿಮಾನಿಗಳು ಬೇಸರಪಟ್ಟರು. ಮೂಲದಲ್ಲಿ ನೌಕೆಯ ತಟ್ಟೆಯಾಕಾರದ ಭಾಗದ ಮೇಲೆ ಇದ್ದದ್ದು ಬರೀ ಪೆನ್ಸಿಲ್ ಗೆರೆ! 2016ಕ್ಕೆ ಮುಗಿದ ಮತ್ತೊಂದು ದುರಸ್ತಿಯಲ್ಲಿ ಎಕ್ಸ್‌ರೇ ತೆಗೆದು ನೋಡಿ, ತಟ್ಟೆಯ ಮೇಲ್ಭಾಗದಲ್ಲಿ ಉಳಿದಿದ್ದ 1960ರ ದಶಕದ ಬಣ್ಣವನ್ನೇ ಆಧಾರವಾಗಿಟ್ಟುಕೊಂಡು ಉಳಿದ ಭಾಗಗಳಿಗೆ ಬಣ್ಣ ಕೊಟ್ಟರು. ಮಾದರಿ ಕಟ್ಟುವವರೆಲ್ಲ ನೆನಪಿಡಬೇಕಾದ ಘಟನೆ ಇದು. ಸೂಕ್ಷ್ಮ ಕೆಲಸ ಎಂದರೆ ಹೆಚ್ಚು ಗೆರೆ ಎಳೆಯುವುದಲ್ಲ, ಬೇಕಾದಷ್ಟೇ ಎಳೆಯುವುದು.

ಈಗ ನಿಜವಾದ ನೌಕೆಯ ಕಡೆಗೆ ಬರೋಣ. ನಾಸಾದ ಮೊದಲ ಬಾಹ್ಯಾಕಾಶ ಶಟಲ್‌ಗೆ ‘ಕಾನ್‌ಸ್ಟಿಟ್ಯೂಷನ್’ ಎಂದು ಹೆಸರಿಡುವುದಿತ್ತು. ಸ್ಟಾರ್ ಟ್ರೆಕ್ ಅಭಿಮಾನಿಗಳು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರಿಗೆ ಪತ್ರಗಳ ಮಳೆ ಸುರಿಸಿದರು, ಹೆಸರು ‘ಎಂಟರ್‌ಪ್ರೈಸ್’ ಆಯಿತು. 1976ರ ಸೆಪ್ಟೆಂಬರ್ 17ರಂದು ಅದು ಕಾರ್ಖಾನೆಯಿಂದ ಹೊರಬಂದಾಗ ಧಾರಾವಾಹಿಯ ನಟರೇ ಎದುರಿಗೆ ನಿಂತಿದ್ದರು.

ಆ ಶಟಲ್ ಕೂಡ ಒಂದು ಬಗೆಯ ಮಾದರಿಯೇ! ಅದಕ್ಕೆ ಕೆಲಸ ಮಾಡುವ ಎಂಜಿನ್ ಇರಲಿಲ್ಲ. ಬಿಸಿ ತಡೆಯುವ ಹೆಂಚುಗಳೂ ನಿಜವಾದವಲ್ಲ, ಪಾಲಿಯುರೆಥೇನ್ ಫೋಮಿನಲ್ಲಿ ಮಾಡಿದ ನಕಲು. ಅದು ಬಾಹ್ಯಾಕಾಶಕ್ಕೆ ಹೋಗಲೇ ಇಲ್ಲ. ಅದರ ಕೆಲಸ ಒಂದೇ: ಎತ್ತರದಿಂದ ಬಿಟ್ಟರೆ ತೇಲಿಕೊಂಡು ಬಂದು ಇಳಿಯಲು ಸಾಧ್ಯ ಎಂದು ತೋರಿಸುವುದು. 1977ರ ಆಗಸ್ಟ್ 12ರಂದು ಬೋಯಿಂಗ್ 747 ವಿಮಾನದ ಬೆನ್ನಿನಿಂದ ಬಿಡಿಸಿಕೊಂಡು, ಐದು ನಿಮಿಷ ಚಿಲ್ಲರೆ ತೇಲಿ, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯ ಬಯಲಿನಲ್ಲಿ ಅದು ಇಳಿಯಿತು.

ಶಟಲನ್ನು ಜಂಬೋ ವಿಮಾನದ ಬೆನ್ನ ಮೇಲೆ ಹೊರಿಸಬಹುದು ಎಂದು ನಂಬಿಸಿದವರು ಯಾರು? ಜಾನ್ ಕೈಕರ್ ಎಂಬ ನಾಸಾ ಎಂಜಿನಿಯರ್. ಅವರಿಗೆ ರೇಡಿಯೋ ನಿಯಂತ್ರಿತ ಆಟಿಕೆ ವಿಮಾನ ಕಟ್ಟುವ ಹವ್ಯಾಸವಿತ್ತು. 1:40 ಅಳತೆಯಲ್ಲಿ ಒಂದು 747, ಒಂದು ಶಟಲ್ ಕಟ್ಟಿ, ಒಂದರ ಮೇಲೊಂದನ್ನು ಹಾರಿಸಿ, ಗಾಳಿಯಲ್ಲೇ ಬೇರ್ಪಡಿಸಿ ತೋರಿಸಿದರು. ಈ ಅಂಕಣದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದೇ. ಮಾದರಿ ಕಟ್ಟುವುದು ಕಾಲಹರಣ ಎನ್ನುವವರಿಗೆ ಕೈಕರ್ ಒಬ್ಬರ ಹೆಸರು ಹೇಳಿದರೆ ಸಾಕು.

1977ರಲ್ಲಿ ಅಮೆರಿಕ ಆ ಬಯಲಿನಲ್ಲಿ ಕೇಳಿದ ಪ್ರಶ್ನೆಯನ್ನೇ 2023ರಲ್ಲಿ ಇಸ್ರೋ ನಮ್ಮ ಬಯಲಿನಲ್ಲಿ ಕೇಳಿತು. ಆದರೆ ವಿಧಾನ ಬೇರೆ. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಬೆಳಿಗ್ಗೆ 7.10ಕ್ಕೆ ಪುಷ್ಪಕನ್ನು ಕೆಳಗೆ ತೂಗುಹಾಕಿಕೊಂಡು ಮೇಲೇರಿತು. ಸಮುದ್ರಮಟ್ಟದಿಂದ 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು. 7.40ಕ್ಕೆ ನೌಕೆ ರನ್‌ವೇ ಮೇಲಿತ್ತು. ರೆಕ್ಕೆಯ ನೌಕೆಯೊಂದನ್ನು ಹೆಲಿಕಾಪ್ಟರಿನಲ್ಲಿ ಇಷ್ಟು ಎತ್ತರಕ್ಕೆ ಒಯ್ದು, ರನ್‌ವೇ ಮೇಲೆ ತಾನಾಗಿಯೇ ಇಳಿಯಲು ಬಿಟ್ಟದ್ದು ಜಗತ್ತಿನಲ್ಲೇ ಮೊದಲು ಎಂದು ಇಸ್ರೋ ಹೇಳಿತು. ಅದು ಆದದ್ದು ಚಳ್ಳಕೆರೆಯ ನೆಲದಲ್ಲಿ!

ಎರಡನೆಯ ಸಲ ಬೇಕೆಂದೇ ರನ್‌ವೇಯ ನೇರದಿಂದ 150 ಮೀಟರ್ ಪಕ್ಕಕ್ಕೆ ಬಿಟ್ಟರು. ಮೂರನೆಯ ಸಲ 500 ಮೀಟರ್ ಪಕ್ಕಕ್ಕೆ, ಜೊತೆಗೆ ಗಾಳಿಯೂ ಜೋರಾಗಿತ್ತು. ನೌಕೆ ತಾನೇ ದಾರಿ ತಿದ್ದಿಕೊಂಡು ನಡುಗೆರೆಗೆ ಬಂದಿಳಿಯಿತು.

ಮಾಮೂಲಿ ಪ್ರಯಾಣಿಕರ ವಿಮಾನ ಗಂಟೆಗೆ ಸುಮಾರು 260 ಕಿ.ಮೀ. ವೇಗದಲ್ಲಿ ನೆಲ ಮುಟ್ಟಿದರೆ, ಪುಷ್ಪಕ್ ಮುಟ್ಟಿದ್ದು 320 ಕಿ.ಮೀ.ಗೂ ಹೆಚ್ಚು ವೇಗದಲ್ಲಿ. ಕಾರಣ ಅದರ ಮೋಟು ರೆಕ್ಕೆ. ವಾತಾವರಣವನ್ನು ಸೀಳಿಕೊಂಡು ಬರುವ ನೌಕೆಗೆ ಅಗಲ ರೆಕ್ಕೆ ಒಗ್ಗುವುದಿಲ್ಲ. ಮೋಟು ರೆಕ್ಕೆಗೆ ಎತ್ತುವ ಬಲ ಕಡಿಮೆ, ಹಾಗಾಗಿ ಜೋರಾಗಿ ಬಂದೇ ಇಳಿಯಬೇಕು. ಆಮೇಲೆ ಬಾಲದಿಂದ ಪ್ಯಾರಾಚೂಟ್ ಬಿಚ್ಚಿ ವೇಗವನ್ನು 100 ಕಿ.ಮೀ. ಆಸುಪಾಸಿಗೆ ತಂದು, ಚಕ್ರದ ಬ್ರೇಕು ಹಾಕುತ್ತಾರೆ.

ಎರಡನೆಯ ಸಲ ಹಾರಿದ ಅದೇ ಮೈ, ಅದೇ ಉಪಕರಣಗಳು ಮೂರನೆಯ ಸಲವೂ ಹಾರಿದವು. ಮರುಬಳಕೆ ಎಂಬುದು ಅಲ್ಲಿಗೆ ಬಾಯಿಮಾತಾಗಿ ಉಳಿಯಲಿಲ್ಲ.

ಇದಕ್ಕೆ ಹಿರಿಯಣ್ಣ ಒಂದಿದೆ. 2016ರ ಮೇ 23ರಂದು ಶ್ರೀಹರಿಕೋಟದಿಂದ ಹಾರಿ, 65 ಕಿ.ಮೀ. ಎತ್ತರ ಮುಟ್ಟಿ, ಶಬ್ದದ ಐದು ಪಟ್ಟು ವೇಗದಲ್ಲಿ ಮರಳಿ ಬಂಗಾಳ ಕೊಲ್ಲಿಗೆ ಇಳಿಯಿತು. ಉದ್ದ 6.5 ಮೀಟರ್, ರೆಕ್ಕೆಯ ಹರವು 3.6 ಮೀಟರ್, ತೂಕ 1.75 ಟನ್.

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಗೊತ್ತಲ್ಲ? ಸೀತೆಯನ್ನು ಹೊತ್ತು ಆಕಾಶದಲ್ಲಿ ಹೋಗುತ್ತಿದ್ದ ರಾವಣನನ್ನು ತಡೆದು ಜಟಾಯು ಬಿದ್ದದ್ದು ಅಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಆ ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ. ಆಕಾಶಯಾನದ ಐತಿಹ್ಯ ಇರುವ ಜಿಲ್ಲೆಗೇ ಪುಷ್ಪಕ್ ಎಂಬ ಹೆಸರಿನ ನೌಕೆ ಬಂದಿಳಿದಿದೆ.

ಬಾಲವೇ ಇಲ್ಲದ ವಿಮಾನವನ್ನು ಟೀವಿಯಲ್ಲಷ್ಟೇ ನೋಡಿದ್ದೀರಾ? ಬರೀ ರೆಕ್ಕೆಯಂತಿರುವ ಚಾಲಕರಹಿತ ವಿಮಾನವನ್ನು ಡಿಆರ್‌ಡಿಒ 2022ರ ಜುಲೈ 1ರಂದು ಇದೇ ಚಿತ್ರದುರ್ಗದ ಪರೀಕ್ಷಾ ವಲಯದಲ್ಲಿ ಹಾರಿಸಿ ಇಳಿಸಿತು.

ಎಲ್ಲ ಹಾರಾಟವೂ ಹೂವಿನಂತೆ ಇಳಿಯುವುದಿಲ್ಲ. 2023ರ ಆಗಸ್ಟ್ 20ರಂದು ‘ತಪಸ್’ ಎಂಬ ಚಾಲಕರಹಿತ ವಿಮಾನ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿಯ ಹೊಲದಲ್ಲಿ ಬಿತ್ತು. ಪರೀಕ್ಷೆ ಎಂದರೆ ಇದೂ ಸೇರಿಯೇ.

2017ರ ಮೇ 28ರಂದು ಉದ್ಘಾಟನೆಯಾದ ಈ ಪರೀಕ್ಷಾ ವಲಯ ಸುಮಾರು 4,290 ಎಕರೆಯಷ್ಟಿದೆ. ಅದು ಅಮೃತ ಮಹಲ್ ಕಾವಲಿನ ನೆಲ. ದನ, ಕುರಿ ಮೇಯಿಸಿಕೊಂಡು ಬದುಕಿದ್ದ ಹಳ್ಳಿಗಳು ಹುಲ್ಲುಗಾವಲಿಗಾಗಿ ಹೋರಾಡಿದವು ಎಂಬುದನ್ನೂ ಈ ಸಾಧನೆಯ ಜೊತೆಗೇ ಹೇಳಬೇಕು. ಆ ಹಳ್ಳಿಗಳ ಮಕ್ಕಳಿಗೆ ಬೇಲಿಯಾಚೆ ಹಾರುವ ನೌಕೆಯ ವಿದ್ಯೆಯಾದರೂ ಸಿಗಬೇಕು. ಅದು ನ್ಯಾಯ.

ಹಾಗಾದರೆ ಪುಷ್ಪಕದ ಮಾದರಿ ಕಟ್ಟುವುದು ಹೇಗೆ? 2016ರ ನೌಕೆಯ ಅಳತೆಯನ್ನೇ ಹಿಡಿಯಿರಿ. 1:20ರಲ್ಲಿ ಉದ್ದ 32.5 ಸೆಂ.ಮೀ., ರೆಕ್ಕೆಯ ಹರವು 18 ಸೆಂ.ಮೀ. ಮೈಗೆ ಥರ್ಮಾಕೋಲ್ ಅಥವಾ ಹಗುರ ಮರ, ರೆಕ್ಕೆಗೆ ಗಟ್ಟಿ ರಟ್ಟು. ಥರ್ಮಾಕೋಲಿಗೆ ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆಯಬೇಡಿ, ಅದರಲ್ಲಿನ ದ್ರಾವಕ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಮೊದಲು ಫೆವಿಕಾಲಿನಲ್ಲಿ ತೆಳು ಕಾಗದ ಅಂಟಿಸಿ, ಒಣಗಿದ ಮೇಲೆ ಉಪ್ಪು ಕಾಗದದಿಂದ ಉಜ್ಜಿ ನುಣುಪು ಮಾಡಿ. ಆಮೇಲೆ ಬಣ್ಣ: ಮೇಲ್ಮೈ ಬಿಳಿ, ಹೊಟ್ಟೆಯ ಭಾಗ ಕಪ್ಪು. ವಾತಾವರಣಕ್ಕೆ ಮರಳುವಾಗ ಹೆಚ್ಚು ಕಾಯುವುದು ಹೊಟ್ಟೆ, ಬಿಸಿ ತಡೆಯುವ ಕಪ್ಪು ಹೆಂಚು ಇರುವುದೂ ಅಲ್ಲೇ. ಹೆಂಚಿನ ಗೆರೆಗಳಿಗೆ ಚೂಪು ಪೆನ್ಸಿಲ್ ಸಾಕು. ಸ್ಮಿತ್ಸೋನಿಯನ್ನಿನ ಪಾಠ ಮರೆಯಬೇಡಿ. ಮೂಗಿನ ತುದಿಗೆ ಮಣ್ಣಿನ ಉಂಡೆ ಸೇರಿಸಿ ತೂಕ ಮುಂದಕ್ಕೆ ತಂದರೆ ಕೈಯಿಂದ ಬಿಟ್ಟಾಗ ತೇಲುವ ಸಾಧ್ಯತೆ ಹೆಚ್ಚು. ಮೂಗು ಹಗುರವಾದರೆ ಮೇಲಕ್ಕೆದ್ದು ಮಗುಚಿಕೊಳ್ಳುತ್ತದೆ.

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಶಿಕ್ಷಕರಲ್ಲಿ ಒಂದು ವಿನಂತಿ: ಈ ವರ್ಷದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಜ್ವಾಲಾಮುಖಿಯ ಪಕ್ಕದಲ್ಲಿ ಒಂದು ಪುಷ್ಪಕನ್ನೂ ನಿಲ್ಲಿಸಿ. ಮಕ್ಕಳ ಕೈಯಿಂದಲೇ ಕಟ್ಟಿಸಿ, ಶಾಲೆಯ ಮಾಳಿಗೆಯಿಂದ ನೀವೇ ಅದನ್ನು ಹಾರಿಸಿ, ಎಲ್ಲಿ ಇಳಿಯಿತೆಂದು ಮಕ್ಕಳಿಂದ ಅಳೆಯಿಸಿ.