ನೂರನಲವತ್ತು ಕೋಟಿಗೆ ನಾಲ್ವರು

ದೋಣಿಮಲೈನ ಅದಿರು ತುಂಬಿಕೊಂಡು ತೋರಣಗಲ್ಲಿನ ಕಡೆ ಸಾಗುವ ಗೂಡ್ಸ್ ರೈಲು ಸಂಡೂರು ಸೀಮೆಯವರಿಗೆ ಹೊಸದೇನಲ್ಲ. ಒಂದೊಂದು ವ್ಯಾಗನ್ ಅರವತ್ತು ಟನ್ನಿಗೂ ಹೆಚ್ಚು ಅದಿರು ಹೊರುತ್ತದೆ. ಅಂಥ ಹತ್ತು ವ್ಯಾಗನ್‌ಗಳ ಅದಿರನ್ನು ಒಟ್ಟು ಮಾಡಿದರೆ ಎಷ್ಟು ತೂಗೀತೋ ಹೆಚ್ಚುಕಡಿಮೆ ಅಷ್ಟೇ ಭಾರ, ಸುಮಾರು 640 ಟನ್, ಭಾರತದ ಮಾನವಸಹಿತ ಬಾಹ್ಯಾಕಾಶ ಯೋಜನೆ ಗಗನಯಾನದ ಎಲ್‌ವಿಎಂ-3 ರಾಕೆಟ್ಟಿನದು. ಅಷ್ಟರಲ್ಲಿ ಕಕ್ಷೆ ಸೇರುವ ನೌಕೆಯ ತೂಕ 8 ಟನ್ನಿನ ಆಸುಪಾಸು. ಮಿಕ್ಕದ್ದೆಲ್ಲ ಇಪ್ಪತ್ತು ನಿಮಿಷದೊಳಗೆ ಉರಿದೋ ಕಳಚಿಯೋ ಹೋಗುತ್ತದೆ. ಇಷ್ಟೆಲ್ಲ ನಡೆಯುವುದು ಹೆಚ್ಚೆಂದರೆ ಮೂವರನ್ನು, ಮೂರು ದಿನದ ಮಟ್ಟಿಗೆ, ಮೇಲೆ ಕಳಿಸುವುದಕ್ಕೆ.

ಅವರು ಸುತ್ತುವ ಎತ್ತರ 400 ಕಿಲೋಮೀಟರ್. ಹೊಸಪೇಟೆಯಿಂದ ಬೆಂಗಳೂರಿಗೆ ಇರುವ ರಸ್ತೆಗಿಂತ ತುಸು ಜಾಸ್ತಿ, ಅಷ್ಟೇ. ಬೆರಗು ಹುಟ್ಟಿಸುವುದು ವೇಗ. ಆ ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡದಿದ್ದರೆ ಕಕ್ಷೆಯಲ್ಲಿ ನಿಲ್ಲಲಾಗದು. ಆ ಲೆಕ್ಕದಲ್ಲಿ ಹೊಸಪೇಟೆಯಿಂದ ಹಂಪಿಗೆ ಎರಡು ಸೆಕೆಂಡು ಬೇಡ; ಬೀದರ್‌ನಿಂದ ಚಾಮರಾಜನಗರಕ್ಕೆ ಒಂದೂವರೆ ನಿಮಿಷ ಸಾಕು. ತೊಂಬತ್ತು ನಿಮಿಷಕ್ಕೊಮ್ಮೆ ಭೂಮಿಯ ಸುತ್ತು, ದಿನಕ್ಕೆ ಹದಿನಾರು ಸೂರ್ಯೋದಯ.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ನೌಕೆಯ ಬಾಗಿಲವರೆಗೆ ಬರುವವರ ಲೆಕ್ಕ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಆಯ್ಕೆಯ ಮೊದಲ ಹಂತ ಮುಗಿಯಿತು. ಕೊನೆಗೆ ಉಳಿದವರು ನಾಲ್ವರು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ. ನಾಲ್ವರೂ ಟೆಸ್ಟ್ ಪೈಲಟ್‌ಗಳು. ಇವರೆಲ್ಲ ವಿಮಾನ ಹಾರಿಸಿದ ಅವಧಿ ಕೂಡಿದರೆ ಹತ್ತಿರ ಹತ್ತಿರ ಹತ್ತು ಸಾವಿರ ಗಂಟೆ. ಹಗಲು ರಾತ್ರಿ ನಿಲ್ಲದೆ ಹಾರಿದರೂ ಹದಿಮೂರು ತಿಂಗಳು ಮೀರುವಷ್ಟು! ಅಂಥವರಿಗೂ ರಷ್ಯಾದ ಗಗಾರಿನ್ ಕೇಂದ್ರದಲ್ಲಿ 2020ರ ಫೆಬ್ರವರಿಯಿಂದ 2021ರ ಮಾರ್ಚ್‌ವರೆಗೆ ತರಬೇತಿ, ಆಮೇಲೆ ಬೆಂಗಳೂರಿನಲ್ಲಿ ಮತ್ತೆ ತರಬೇತಿ.

ಆ ತರಬೇತಿಯ ಒಂದು ನಿಮಿಷವನ್ನು ಹತ್ತಿರದಿಂದ ನೋಡೋಣ. ಉದ್ದನೆಯ ತೋಳಿನ ತುದಿಗೊಂದು ಪುಟ್ಟ ಕೋಣೆ. ತೋಳು ಗಿರಗಿರನೆ ತಿರುಗತೊಡಗುತ್ತದೆ. ಇದೇ ಸೆಂಟ್ರಿಫ್ಯೂಜ್. ವೇಗ ಏರಿದಂತೆ ಒಳಗಿರುವವರ ಮೈ ಭಾರವಾಗುತ್ತದೆ. ಭೂಮಿಯ ಸೆಳೆತಕ್ಕಿಂತ ನಾಲ್ಕು ಪಟ್ಟಾದಾಗ 70 ಕಿಲೋ ಮನುಷ್ಯನಿಗೆ 280 ಕಿಲೋ ಆದ ಅನುಭವ. ಎಂಟು ಪಟ್ಟಾದರೆ 560. ಅಂಗಾತ ಮಲಗಿದ ಭಂಗಿಯಲ್ಲಿ ಆ ಭಾರ ಎದೆಯ ಮೇಲೆ ಬೀಳುತ್ತದೆ. ಕೈ ಎತ್ತುವುದಿರಲಿ, ಉಸಿರೆಳೆಯುವುದೇ ಕೆಲಸ. ಎದೆ ಹಿಗ್ಗದು, ಹೊಟ್ಟೆಯಿಂದ ಉಸಿರಾಡುವುದನ್ನು ಕಲಿಯಬೇಕು. ಆಗಲೂ ಕಣ್ಣು ಪರದೆಯ ಮೇಲಿರಬೇಕು, ಕೇಳಿದ್ದಕ್ಕೆ ಉತ್ತರ ಬರಬೇಕು.

ನಾಲ್ವರಲ್ಲಿ ಮೊದಲು ಹಾರಿದ್ದು ಶುಕ್ಲಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಟೆಕ್ ಓದಿದ ಅವರು 2025ರ ಜೂನ್ 25ರಂದು ಆಕ್ಸಿಯಂ-4 ಎಂಬ ಖಾಸಗಿ ಯಾನದ ತಂಡದೊಂದಿಗೆ ಹೊರಟು, ಮರುದಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದರು. ಕಕ್ಷೆಗೆ ಹೋದವರ ಸಾಲಿನಲ್ಲಿ ಅಲ್ಲಿ ಅವರಿಗೆ ಸಿಕ್ಕ ಕ್ರಮಸಂಖ್ಯೆ 634. ಜಗತ್ತಿನ ಇಂದಿನ ಜನಸಂಖ್ಯೆ 820 ಕೋಟಿಯ ಹತ್ತಿರ. ಅಂದರೆ ಒಂದೂಕಾಲು ಕೋಟಿಗೂ ಹೆಚ್ಚು ಮಂದಿಗೆ ಒಬ್ಬ ಗಗನಯಾನಿ. ಇದೇ ಅನುಪಾತದಲ್ಲಿ ನಮ್ಮ ದೇಶದಿಂದ ನೂರಕ್ಕೂ ಹೆಚ್ಚು ಮಂದಿ ಹೋಗಿರಬೇಕಿತ್ತು. ಭಾರತದ ಪ್ರಜೆಗಳಾಗಿ ಕಕ್ಷೆಗೆ ಹೋಗಿಬಂದವರು ಇಬ್ಬರೇ. 1984ರ ಏಪ್ರಿಲ್ 3ರಂದು ಹೋದ ರಾಕೇಶ್ ಶರ್ಮಾ ಮೊದಲಿಗರು. ಇಬ್ಬರ ನಡುವೆ 41 ವರ್ಷ.

ಹೊಸ ನೌಕೆಯ ಮೊದಲ ಹಾರಾಟಕ್ಕೆ ಟೆಸ್ಟ್ ಪೈಲಟ್‌ಗಳನ್ನೇ ಆರಿಸಿದ್ದು ಸರಿ. ಆದರೆ ಅದು ತೀರಾ ಚಿಕ್ಕ ಬಳಗ. ಅಮೆರಿಕದ ನಾಸಾ 2017ರ ತಂಡಕ್ಕೆ ಅರ್ಜಿ ಕರೆದಾಗ ಬಂದದ್ದು 18,300ಕ್ಕೂ ಹೆಚ್ಚು, ತೆಗೆದುಕೊಂಡದ್ದು 12 ಮಂದಿಯನ್ನು. ಅವರಲ್ಲೊಬ್ಬರು ಜೆಸಿಕಾ ವಾಟ್ಕಿನ್ಸ್, ಪೈಲಟ್ ಅಲ್ಲ, ಭೂವಿಜ್ಞಾನಿ. ಕಲ್ಲು ಮಣ್ಣು ಓದಿಕೊಂಡೇ ಬೆಳೆದ ಅವರು 2022ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ತಿಂಗಳುಗಟ್ಟಲೆ ದುಡಿದರು. ಅದಕ್ಕೂ ಅರ್ಧ ಶತಮಾನ ಹಿಂದೆ, 1972ರ ಡಿಸೆಂಬರ್‌ನಲ್ಲಿ, ಚಂದ್ರನ ಮೇಲೆ ನಡೆದ ಹ್ಯಾರಿಸನ್ ಶ್ಮಿಟ್ ಕೂಡ ಭೂವಿಜ್ಞಾನಿಯೇ.

ದೋಣಿಮಲೈನ ಮಕ್ಕಳು ಓಡಾಡುವ ನೆಲದ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. 1977ರಿಂದ ಇಲ್ಲಿ ಸರ್ಕಾರಿ ಗಣಿ ಕಂಪನಿ ಎನ್‌ಎಂಡಿಸಿ ಅದಿರು ತೆಗೆಯುತ್ತಿದೆ. ಕಲ್ಲಿನ ಬಣ್ಣ, ತೂಕ, ಪದರ ನೋಡಿ ಗುಣ ಹೇಳುವವರು ಈ ಊರಿನಲ್ಲಿ ಸಿಗುತ್ತಾರೆ. ಅಂಥ ಮನೆಯ ಹುಡುಗಿಯೊಬ್ಬಳು ಭೂವಿಜ್ಞಾನ ಓದಿ ಗಗನಯಾನಕ್ಕೆ ಅರ್ಜಿ ಹಾಕುವಂತಾಗಬೇಕು. ನಾಲ್ವರನ್ನು ಆರಿಸಿದ್ದು ಹೆಮ್ಮೆಯ ಮಾತು. ಆದರೆ ನೂರನಲವತ್ತು ಕೋಟಿಯ ದೇಶದಲ್ಲಿ ಆಯ್ಕೆಯ ಸಾಲಿನಲ್ಲಿ ಲಕ್ಷ ಜನ ನಿಲ್ಲುವ ದಿನ ಬಂದರೆ ಆ ಹೆಮ್ಮೆ ಇನ್ನೂ ದೊಡ್ಡದು.